ನೋವಿನ ಮದ್ದು: ಹೆದರಿಕೆಯೂ ಬೇಡ, ಸಸಾರವೂ ಬೇಡ



ಈ ಹೊತ್ತು ನಿಮ್ಮೊಡನೆ ಮಾತನಾಡಲು ನಾನು ಆರಿಸಿಕೊಂಡ ವಿಷಯ, ಡಾಕ್ಟರರು ಚೀಟಿ ಬರೆದು ಕೊಡುವ ಬಲವಾದ ನೋವಿನ ಮಾತ್ರೆಗಳು. ಮಾರ್ಫಿನ್, ಟ್ರಮಡಾಲ್, ಕೋಡೀನ್, ಫೆಂಟನಿಲ್ ಎಂಬ ಹೆಸರುಗಳನ್ನು ನಿಮ್ಮಲ್ಲಿ ಕೆಲವರಾದರೂ ಆಸ್ಪತ್ರೆಯ ಚೀಟಿಯಲ್ಲಿ ನೋಡಿರಬಹುದು. ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದರೆ, ದೊಡ್ಡ ಆಪರೇಷನ್ ಆದವರಿದ್ದರೆ, ಈ ಹೆಸರುಗಳು ನಿಮಗೆ ಹೊಸತಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕು ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಈಗ ವಾರಕ್ಕೊಂದು ದಿನ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ ಜೊತೆ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತೇನೆ. ಗಾಯ ತೊಳೆಯುವುದು, ಟ್ಯೂಬು ಬದಲಿಸುವುದು ಅವರ ಕೆಲಸ. ಮಾತ್ರೆಯ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಆದುದರಿಂದ ಇಂದು ನಾನು ಹೇಳುವುದೆಲ್ಲ ಡಾಕ್ಟರರೂ ಸಿಸ್ಟರರೂ ಕಲಿಸಿಕೊಡುವ ಮಾತೇ. ನಿಮ್ಮ ಮನೆಯ ರೋಗಿಗೆ ಎಷ್ಟು ಮಾತ್ರೆ ಎಂಬುದನ್ನು ಅವರ ಡಾಕ್ಟರರೇ ಹೇಳಬೇಕು; ನಾನೂ ಹೇಳಬಾರದು, ನೆರೆಮನೆಯವರೂ ಹೇಳಬಾರದು.

ಈ ಮದ್ದುಗಳ ಮೂಲ ನಮ್ಮ ಅಡುಗೆಮನೆಗೆ ದೂರದ್ದಲ್ಲ. ಪಾಯಸಕ್ಕೆ ಅರೆದು ಹಾಕುವ ಗಸಗಸೆ ಇದೆಯಲ್ಲ, ಆ ಗಿಡದ ಕಾಯಿಯನ್ನು ಹಸಿಯಾಗಿರುವಾಗ ಗೀರಿದರೆ ಹಾಲು ಬರುತ್ತದೆ. ಆ ಹಾಲು ಒಣಗಿದರೆ ಅಫೀಮು. ಅಫೀಮಿನಿಂದ ಬೇರ್ಪಡಿಸಿದ್ದು ಮಾರ್ಫಿನ್ ಮತ್ತು ಕೋಡೀನ್. ಟ್ರಮಡಾಲ್, ಫೆಂಟನಿಲ್ ಮುಂತಾದವು ಕಾರ್ಖಾನೆಯಲ್ಲಿ ತಯಾರಾದ ಅದೇ ಬಳಗದ ಮದ್ದುಗಳು. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವು ಕಡೆ ಸರಕಾರದ ಲೈಸೆನ್ಸ್ ಪಡೆದ ರೈತರು ಮಾತ್ರ ಈ ಬೆಳೆ ಬೆಳೆಯಬಹುದು. ನೀಮಚ್ ಮತ್ತು ಗಾಜಿಪುರಗಳಲ್ಲಿ ಸರಕಾರದ ಅಫೀಮು ಕಾರ್ಖಾನೆಗಳಿವೆ. ಅಂದರೆ ಲೋಕಕ್ಕೆಲ್ಲ ನೋವಿನ ಮದ್ದಿಗೆ ಕಚ್ಚಾ ಮಾಲು ಕೊಡುವ ದೇಶ ನಮ್ಮದು. ಹಾಗಿದ್ದೂ ಬಹುಕಾಲ ನಮ್ಮ ರೋಗಿಗಳಿಗೇ ಅದು ಸಿಗುತ್ತಿರಲಿಲ್ಲ.

ಅದಕ್ಕೆ ಕಾರಣವೂ ಇದೆ. 1985ರಲ್ಲಿ ಮಾದಕ ವಸ್ತುಗಳ ಬಗ್ಗೆ ಕಠಿಣ ಕಾನೂನು ಬಂತು. ಕಳ್ಳಸಾಗಣೆ ತಡೆಯುವುದಕ್ಕಾಗಿ ಬಂದ ಆ ಕಾನೂನಿನ ಹೆದರಿಕೆಯಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ಹಲವು ಲೈಸೆನ್ಸುಗಳು ಬೇಕು, ಒಂದು ಸಿಕ್ಕುವಷ್ಟರಲ್ಲಿ ಇನ್ನೊಂದರ ವಾಯಿದೆ ಮುಗಿಯುತ್ತಿತ್ತು. ಈ ಸ್ಥಿತಿ ಬದಲಾಗಲು ಮೊದಲ ದಾರಿ ತೋರಿದ್ದು ನಮ್ಮ ಕೇರಳ. 1993ರಲ್ಲಿ ಕೋಝಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಮತ್ತು ಸಾಂತ್ವನ ಚಿಕಿತ್ಸೆಯ ಸಂಘ ಕಟ್ಟಿದರು. ಊರವರನ್ನೇ ಸ್ವಯಂಸೇವಕರನ್ನಾಗಿ ತಯಾರು ಮಾಡಿದರು. 2008ರಲ್ಲಿ ಕೇರಳ ಸರಕಾರ ಸಾಂತ್ವನ ಚಿಕಿತ್ಸೆಗೊಂದು ನೀತಿ ಪ್ರಕಟಿಸಿತು. ನಮ್ಮ ಪಂಚಾಯತುಗಳಿಂದ ಸಿಸ್ಟರರು ಚೀಲ ಹಿಡಿದು ಮನೆಗೆ ಬರುವುದು ಅದರ ಫಲ. 2014ರಲ್ಲಿ ಕೇಂದ್ರದ ಕಾನೂನಿಗೂ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಯಿತು.

ಕಾನೂನಿನ ಬಾಗಿಲು ತೆರೆಯಿತು. ಆದರೆ ನಮ್ಮ ಮನಸ್ಸಿನ ಬಾಗಿಲು ಇನ್ನೂ ಅರ್ಧ ಮುಚ್ಚಿಯೇ ಇದೆ. ನಮ್ಮ ಕಡೆ ಎಲೆಯಡಿಕೆ, ಹೊಗೆಸೊಪ್ಪು ಜಗಿದು ಬಾಯಿಯ ಕ್ಯಾನ್ಸರ್ ಆದವರು ಕಡಿಮೆಯಿಲ್ಲ. ಅಂಥ ಒಬ್ಬ ಅಜ್ಜಿಯ ಮನೆಗೆ ನಾವು ಹೋದಾಗ ಮಾತ್ರೆ ಎಣಿಸಿದೆ. ಎರಡು ವಾರಕ್ಕೆಂದು ಕೊಟ್ಟದ್ದರಲ್ಲಿ ಮುಕ್ಕಾಲು ಭಾಗ ಹಾಗೆಯೇ ಇತ್ತು. ಮಗ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. "ಅಮ್ಮ ತಡೆಯಲಾರದೆ ಕೂಗಿದರೆ ಮಾತ್ರ ಒಂದು ಕೊಡುತ್ತೇನೆ ಸಿಸ್ಟರ್. ಈಗಲೇ ಕೊಟ್ಟು ಮುಗಿಸಿದರೆ ಕೊನೆಗೆ ಏನು ಕೊಡುವುದು? ಚಟ ಹಿಡಿದರೆ?" ಎಂದ. ತಾಯಿಯ ಮೇಲೆ ಪ್ರೀತಿ ಇಲ್ಲದವನಲ್ಲ, ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದ. ಸಿಸ್ಟರ್ ಅವನನ್ನು ಕುಳ್ಳಿರಿಸಿ ಗಡಿಯಾರ ತೋರಿಸಿ ವಿವರಿಸಿದರು. ಮುಂದಿನ ವಾರ ಹೋದಾಗ ಅಜ್ಜಿ ದಿಂಬಿಗೆ ಒರಗಿ ಕುಳಿತು ಗಂಜಿ ಕುಡಿಯುತ್ತಿದ್ದರು. ಅವರ ರೋಗ ಗುಣವಾಗಿರಲಿಲ್ಲ. ಆದರೆ ರಾತ್ರಿ ನಿದ್ರೆ ಬಂದಿತ್ತು, ಮೊಮ್ಮಗಳ ಹೆಸರು ಕರೆಯುವಷ್ಟು ಬಾಯಿ ಬಂದಿತ್ತು.

ಸಿಸ್ಟರ್ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಾರ್ಫಿನ್ ಎಂದರೆ ಸಾಯುವ ಹೊತ್ತಿನ ಮದ್ದಲ್ಲ, ನೋವಿನ ಮದ್ದು. ನೋವಿರುವಷ್ಟು ಕಾಲ, ಅದು ತಿಂಗಳಾಗಲಿ ವರ್ಷವಾಗಲಿ, ಡಾಕ್ಟರರ ಲೆಕ್ಕದಲ್ಲಿ ಕೊಡಬಹುದು. ಇಂದು ಕೊಟ್ಟರೆ ನಾಳೆಗೆ ಅದರ ಶಕ್ತಿ ಮುಗಿದುಹೋಗುವುದಿಲ್ಲ. ಬೇಕಾದರೆ ಡಾಕ್ಟರರು ಪ್ರಮಾಣ ಹೆಚ್ಚಿಸುತ್ತಾರೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಗುಣ ಸುಮಾರು 4 ಗಂಟೆ ಇರುತ್ತದೆ. ಆದ್ದರಿಂದ ನೋವು ಮರಳಿ ಬರುವುದಕ್ಕೆ ಮೊದಲೇ, ಗಡಿಯಾರ ನೋಡಿ ಮುಂದಿನ ಮಾತ್ರೆ ಕೊಡಬೇಕು. ಕೂಗಿದ ಮೇಲೆ ಕೊಟ್ಟರೆ, ಬೆಂಕಿ ಮಾಡಿಗೆ ಹತ್ತಿದ ಮೇಲೆ ಕೊಡಪಾನ ಹುಡುಕಿದಂತೆ. ಇನ್ನೊಂದು ಬಗೆಯ ಮಾತ್ರೆ ನಿಧಾನವಾಗಿ ಕರಗಿ 12 ಗಂಟೆ ಕೆಲಸ ಮಾಡುತ್ತದೆ. ಅದನ್ನು ನುಂಗಲು ಕಷ್ಟವೆಂದು ಪುಡಿ ಮಾಡಿ ಕೊಡಲೇಬಾರದು. 12 ಗಂಟೆಯ ಮದ್ದು ಒಮ್ಮೆಗೇ ಮೈಗೇರಿದರೆ ಪ್ರಾಣಕ್ಕೆ ಸಂಚಕಾರ. ನಿಮ್ಮ ಮನೆಯಲ್ಲಿರುವುದು ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ.

ಈ ಮದ್ದು ಶುರುವಾದ ಮೊದಲ ಮೂರು ನಾಲ್ಕು ದಿನ ಮಂಪರು ಬರಬಹುದು, ಓಕರಿಕೆ ಬರಬಹುದು. ಸಾಮಾನ್ಯವಾಗಿ ಇವು ತಾವಾಗಿ ಕಡಿಮೆಯಾಗುತ್ತವೆ. ಕಡಿಮೆಯಾಗದೇ ಉಳಿಯುವುದು ಒಂದೇ, ಮಲಬದ್ಧತೆ. ಅದಕ್ಕಾಗಿ ಡಾಕ್ಟರರು ಜೊತೆಗೇ ಮಲ ಸಡಿಲಿಸುವ ಮದ್ದನ್ನೂ ಬರೆದಿರುತ್ತಾರೆ. "ಹೊಟ್ಟೆ ಸರಿಯಿದೆ, ಅದು ಯಾಕೆ" ಎಂದು ಆ ಮದ್ದನ್ನು ನಿಲ್ಲಿಸಬೇಡಿ. ಎಷ್ಟೋ ರೋಗಿಗಳು ಮಾರ್ಫಿನ್ ಬಿಟ್ಟದ್ದು ಹೊಟ್ಟೆ ಕಟ್ಟಿದ ಸಂಕಟಕ್ಕೆ. ರೋಗಿಗೆ ಕಿಡ್ನಿಯ ತೊಂದರೆ ಇದ್ದರೆ ಡಾಕ್ಟರರಿಗೆ ಮೊದಲೇ ಹೇಳಿ. ಕಿಡ್ನಿ ಸರಿಯಿಲ್ಲದವರಲ್ಲಿ ಮಾರ್ಫಿನ್ನಿನ ಅಂಶ ಮೈಯಲ್ಲಿ ಶೇಖರವಾಗುತ್ತಾ ಹೋಗುತ್ತದೆ.

ಇಷ್ಟು ಹೆದರಿಕೆಯ ಬಗ್ಗೆ ಆಯಿತು. ಇನ್ನು ಸಸಾರದ ಬಗ್ಗೆ ಹೇಳಬೇಕು. ಹೆದರಿದವನ ಮನೆಯಲ್ಲಿ ರೋಗಿ ನರಳುತ್ತಾನೆ, ಸಸಾರ ಮಾಡಿದವನ ಮನೆಯಲ್ಲಿ ಜೀವವೇ ಹೋಗಬಹುದು.

ಈ ಬಳಗದ ಮದ್ದುಗಳ ದೊಡ್ಡ ಅಪಾಯ ಉಸಿರಿನದು. ಪ್ರಮಾಣ ಮೀರಿದರೆ ಮೆದುಳು ಉಸಿರಾಡುವುದನ್ನೇ ಮರೆಯುತ್ತದೆ. ಇದನ್ನು ಹೆಚ್ಚಿಸುವ ಎರಡು ವಸ್ತುಗಳಿವೆ. ಒಂದು ಮದ್ಯ, ಅದು ಬಾಟಲಿಯದ್ದಾಗಲಿ, ಸಂಜೆಯ ಕಳ್ಳಾಗಲಿ. ಇನ್ನೊಂದು ನಿದ್ರೆ ಮಾತ್ರೆ. ಮಾರ್ಫಿನ್ ಅಥವಾ ಟ್ರಮಡಾಲ್ ತೆಗೆದುಕೊಳ್ಳುವವರು ಕುಡಿಯಲೇಬಾರದು. ಬೇರೆ ಡಾಕ್ಟರರು ಕೊಟ್ಟ ನಿದ್ರೆಯ ಅಥವಾ ಮಾನಸಿಕ ಕಾಯಿಲೆಯ ಮಾತ್ರೆ ಇದ್ದರೆ ಇಬ್ಬರು ಡಾಕ್ಟರರಿಗೂ ತಿಳಿಸಬೇಕು. ಮಂಪರು ಇರುವಷ್ಟು ದಿನ ಸ್ಕೂಟರು, ಜೀಪು ಓಡಿಸಬಾರದು, ಮರ ಹತ್ತಬಾರದು.

ಅಪಾಯದ ಗುರುತುಗಳನ್ನು ಹೇಳುತ್ತೇನೆ, ಕಾಗದ ಪೆನ್ಸಿಲ್ ಹತ್ತಿರವಿದ್ದರೆ ಬರೆದುಕೊಳ್ಳಿ. ಹೆಸರು ಹಿಡಿದು ಕರೆದು ಅಲುಗಾಡಿಸಿದರೂ ಎಚ್ಚರವಾಗುವುದಿಲ್ಲ. ಉಸಿರು ನಿಮಿಷಕ್ಕೆ 10ಕ್ಕಿಂತ ಕಡಿಮೆ, ಅಥವಾ ಗೊರಗೊರ ಸದ್ದಿನೊಡನೆ ತಡೆದು ತಡೆದು ಬರುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ತುಟಿ, ಉಗುರು ನೀಲಿಗಟ್ಟುತ್ತದೆ. ಇವು ಕಂಡರೆ 108ಕ್ಕೆ ಫೋನ್ ಮಾಡಿ, ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಫೆಂಟನಿಲ್ ಪಟ್ಟಿ ಮೈಗೆ ಅಂಟಿಸಿದ್ದರೆ ತೆಗೆಯಿರಿ. ಬಾಯಿಗೆ ನೀರು, ಲಿಂಬೆ ಶರಬತ್ತು, ಕಾಪಿ ಏನನ್ನೂ ಹೊಯ್ಯಬೇಡಿ. ಅದು ಶ್ವಾಸಕ್ಕೆ ಇಳಿಯುತ್ತದೆ. ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೆ ಒಯ್ಯಿರಿ. ನಲೋಕ್ಸೋನ್ ಎಂಬ ಮದ್ದು ಇದಕ್ಕೆ ಪ್ರತಿ ಮದ್ದು, ಹೊತ್ತಿಗೆ ತಲಪಿದರೆ ಆಸ್ಪತ್ರೆಯಲ್ಲಿ ಅದನ್ನು ಕೊಟ್ಟು ಉಳಿಸಿಕೊಳ್ಳಬಹುದು.

ಕ್ಯಾನ್ಸರ್ ಮನೆಗಳಲ್ಲಿ ನಾನು ಕಂಡದ್ದು ಹೆದರಿಕೆಯನ್ನು. ಸಸಾರವನ್ನು ಕಂಡದ್ದು ಬೇರೆ ಕಡೆ, ದುಡಿಯುವವರಲ್ಲಿ. ಅಡಿಕೆ ಮರ ಹತ್ತಿ ಇಳಿದು, ಕಲ್ಲು ಹೊತ್ತು, ದಿನವಿಡೀ ಕೂತು ಬೀಡಿ ಕಟ್ಟಿ ಸೊಂಟ ಹಿಡಿಯುವುದು ಸಹಜ. ಯಾರಿಗೋ ಆಪರೇಷನ್ ಆದಾಗ ಕೊಟ್ಟ ಟ್ರಮಡಾಲ್ ಮನೆಯಲ್ಲಿ ಉಳಿದಿರುತ್ತದೆ. "ಭಾವ, ನನಗೆ ಒಂದು ತೆಗೆದುಕೊಂಡದ್ದೇ ಹಾರಿಹೋಯಿತು, ನೀವೂ ಒಂದು ತೆಗೆದುಕೊಳ್ಳಿ" ಎಂದು ಕೈಯಿಂದ ಕೈಗೆ ಹೋಗುತ್ತದೆ. ಈ ಉಪಕಾರ ಬೇಡ. ಟ್ರಮಡಾಲ್ ಕೆಲವರಿಗೆ ಫಿಟ್ಸ್ ಬರಿಸುತ್ತದೆ. ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಸೇರಿದರೆ ಮೈ ಕಾದು, ನಡುಕ ಹತ್ತಿ, ಅಪಾಯಕ್ಕೆ ತರುತ್ತದೆ. ಅದರ ದುರುಪಯೋಗ ಹೆಚ್ಚಿದ್ದರಿಂದಲೇ 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತುಗಳ ಕಾನೂನಿನ ಅಡಿಗೆ ತಂದರು.

ಇನ್ನೊಂದು ಸೂಕ್ಷ್ಮವಿದೆ. ಟ್ರಮಡಾಲಿನ ಹಲವು ಮಾತ್ರೆಗಳಲ್ಲಿ ಪ್ಯಾರಸಿಟಮಾಲನ್ನೂ ಸೇರಿಸಿರುತ್ತಾರೆ. ಅದನ್ನು ತಿಳಿಯದೆ ಜ್ವರಕ್ಕೆಂದು ಬೇರೆ ಪ್ಯಾರಸಿಟಮಾಲ್ ತೆಗೆದುಕೊಂಡರೆ ಎರಡೂ ಸೇರಿ ಮಿತಿ ಮೀರುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಪ್ಯಾರಸಿಟಮಾಲ್ ಕೊನೆಯ ಗಡಿ. ವಯಸ್ಸಾದವರಿಗೆ, ಸೊರಗಿದವರಿಗೆ, ಕುಡಿಯುವವರಿಗೆ ಅದಕ್ಕಿಂತಲೂ ಕಡಿಮೆ. ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ.

ಸೊಂಟ ನೋವಿಗೆ ಈ ಬಲವಾದ ಮದ್ದು ಅಷ್ಟು ಪ್ರಯೋಜನವೂ ಇಲ್ಲ. 2023ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಹೊಸದಾಗಿ ಸೊಂಟ ನೋವು, ಕುತ್ತಿಗೆ ನೋವು ಬಂದ ಸುಮಾರು 350 ಜನರಲ್ಲಿ ಅರ್ಧ ಮಂದಿಗೆ ಈ ಬಳಗದ ಮದ್ದು, ಅರ್ಧ ಮಂದಿಗೆ ಮದ್ದೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಆರು ವಾರದ ಮೇಲೆ ನೋಡಿದರೆ ಮದ್ದು ತಿಂದವರಿಗೆ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಅಂಥ ನೋವಿಗೆ ವ್ಯಾಯಾಮ, ಶಾಖ, ಕೆಲಸದ ನಡುವೆ ಎದ್ದು ಓಡಾಡುವುದು, ಡಾಕ್ಟರರು ಹೇಳಿದ ಸಾದಾ ಮದ್ದು ಇವೇ ಸರಿ.

ಕೆಮ್ಮಿನ ಕೆಲವು ಔಷಧಿಗಳಲ್ಲಿ ಕೋಡೀನ್ ಇರುತ್ತದೆ. ದೊಡ್ಡವರ ಬಾಟಲಿಯಿಂದ ಅರ್ಧ ಚಮಚ ಮಗುವಿಗೆ ಹೊಯ್ಯುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೂ, ಮೊಲೆಯುಣಿಸುವ ತಾಯಂದಿರಿಗೂ ಕೋಡೀನ್ ಸಲ್ಲದು. ಮಗುವಿನ ಉಸಿರು ನಿಂತುಹೋಗಬಹುದು.

ಹಾಗಾದರೆ ಚಟದ ಮಾತು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ. ಅಮೆರಿಕದಲ್ಲಿ 1996ರಿಂದ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು, ಚಟದ ಭಯ ಕಡಿಮೆ ಎಂದು ಹೇಳಿ, ಸಾಮಾನ್ಯ ನೋವಿಗೂ ಧಾರಾಳವಾಗಿ ಬರೆಸಿದರು. ಮಾರಿದ ಕಂಪನಿ ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಆದರೆ ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಚಟಕ್ಕೆ ಬಿದ್ದಿದ್ದರು, ಮಾತ್ರೆ ಸಿಗದಾದಾಗ ಹಲವರು ಕಳ್ಳ ಮಾರಾಟದ ಹೆರಾಯಿನ್, ಫೆಂಟನಿಲಿಗೆ ಇಳಿದರು. ಅಲ್ಲಿ ಮದ್ದು ಧಾರಾಳವಾಗಿ ಸಿಕ್ಕಿ ಸತ್ತರು, ನಮ್ಮಲ್ಲಿ ಸಿಗದೆ ನರಳಿದರು. ಎರಡೂ ಅತಿಯೇ.

ಇಲ್ಲಿ ಎರಡು ಮಾತುಗಳ ವ್ಯತ್ಯಾಸ ತಿಳಿಯಬೇಕು. ಹಲವು ವಾರ ಮದ್ದು ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಮೈ ನೋವು, ಬೆವರು, ಭೇದಿ, ಚಡಪಡಿಕೆ ಬರುತ್ತದೆ. ಇದು ಚಟವಲ್ಲ. ಆದರೆ ನಿಲ್ಲಿಸುವುದಾದರೆ ಡಾಕ್ಟರರ ಲೆಕ್ಕದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಚಟವೆಂದರೆ ನೋವಿಲ್ಲದಿದ್ದರೂ ಮನಸ್ಸು ಅದನ್ನೇ ಬೇಡುವುದು, ಮುಚ್ಚಿಟ್ಟು ತೆಗೆದುಕೊಳ್ಳುವುದು, ತಿಂಗಳ ಮಾತ್ರೆ ಹತ್ತು ದಿನದಲ್ಲಿ ಮುಗಿಯುವುದು, ಒಂದೇ ನೋವಿಗೆ ಮೂರು ಡಾಕ್ಟರರ ಚೀಟಿ ತರುವುದು. ಇದು ಕಂಡರೆ ಬೈದು ಪ್ರಯೋಜನವಿಲ್ಲ. ಅದೂ ಒಂದು ಕಾಯಿಲೆ, ಅದಕ್ಕೂ ಚಿಕಿತ್ಸೆ ಇದೆ. ಹಿಂದೆ ಮದ್ಯದ ಅಥವಾ ಬೇರೆ ಅಮಲಿನ ಚಟ ಇದ್ದವರು ನಾಚಿಕೆ ಬಿಟ್ಟು ಡಾಕ್ಟರರಿಗೆ ಮೊದಲೇ ಹೇಳಿದರೆ, ಅವರು ಅದಕ್ಕೆ ತಕ್ಕ ಎಚ್ಚರ ವಹಿಸುತ್ತಾರೆ.

ಈಗ ಗಡಿನಾಡಿನ ನಮಗೇ ಸಂಬಂಧಿಸಿದ ಒಂದೆರಡು ಸಂಗತಿ. ನಾವು ದೊಡ್ಡ ಕಾಯಿಲೆಗೆ ಹೋಗುವುದು ಮಂಗಳೂರಿಗೆ. ಮನೆಗೆ ಬರುವ ಸಿಸ್ಟರ್ ಇಲ್ಲಿನವರು. ಅಲ್ಲಿಯ ಚೀಟಿ ಇಂಗ್ಲಿಷಿನಲ್ಲಿ, ಇಲ್ಲಿಯ ವಿವರಣೆ ಮಲಯಾಳದಲ್ಲಿ, ಮನೆಯ ಮಾತು ಕನ್ನಡವೋ ತುಳುವೋ. ಈ ನಡುವೆ ಒಂದೇ ಮದ್ದು ಎರಡು ಹೆಸರಿನಲ್ಲಿ ಮನೆ ಸೇರುತ್ತದೆ. ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿ, ಮದ್ದಿನ ಹೆಸರು ಅದರ ಹತ್ತಿರ ಸಣ್ಣ ಅಕ್ಷರದಲ್ಲಿ ಇರುತ್ತದೆ. ನೀವು ಹೋಲಿಸಬೇಕಾದದ್ದು ಸಣ್ಣ ಅಕ್ಷರವನ್ನು. ಸ್ಟ್ರಿಪ್ಪಿನ ಮೇಲೆ ಎನ್, ಆರ್, ಎಕ್ಸ್ ಎಂಬ ಕೆಂಪು ಅಕ್ಷರಗಳಿದ್ದರೆ ಅದು ಈ ಕಾನೂನಿನ ಅಡಿಯ ಮದ್ದು ಎಂದು ತಿಳಿಯಿರಿ. ಮಂಗಳೂರಿನ ಚೀಟಿಯನ್ನು ಇಲ್ಲಿಯ ಸಿಸ್ಟರಿಗೆ ತೋರಿಸಿ, ಇಲ್ಲಿಯ ಪುಸ್ತಕವನ್ನು ಅಲ್ಲಿಯ ಡಾಕ್ಟರರಿಗೆ ತೋರಿಸಿ. ಮಾತ್ರೆ ಹಿಡಿದುಕೊಂಡು ಗಡಿ ದಾಟುವಾಗ ಚೀಟಿ ಜೊತೆಗಿರಲಿ.

ಮಾತ್ರೆ ಪೂರ್ತಿ ಮುಗಿದ ಮೇಲೆ ಹೊರಡುವುದೂ ಸರಿಯಲ್ಲ. 2020ರ ಮಾರ್ಚಿನಲ್ಲಿ ಕೊರೋನಾದ ಸಮಯ ತಲಪಾಡಿಯ ರಸ್ತೆ ಮುಚ್ಚಿದಾಗ ಈ ಕಡೆಯ ರೋಗಿಗಳು ಪಟ್ಟ ಪಾಡು ನಿಮಗೆ ನೆನಪಿರಬಹುದು. ವಾರಕ್ಕೆ ಸಾಲುವಷ್ಟು ಉಳಿದಿರುವಾಗಲೇ ಮುಂದಿನ ವ್ಯವಸ್ಥೆ ಮಾಡಿ. ಗಲ್ಫಿನಲ್ಲಿರುವ ಮಕ್ಕಳಿಗೆ ಊರಿನಿಂದ ಮದ್ದು ಕಳಿಸುವವರಿಗೂ ಒಂದು ಮಾತು. ಯುಎಇ ಮುಂತಾದ ದೇಶಗಳಲ್ಲಿ ಟ್ರಮಡಾಲ್, ಕೋಡೀನ್ ತರಲು ಅಲ್ಲಿಯ ಸರಕಾರದ ಮುಂಚಿತ ಒಪ್ಪಿಗೆ ಬೇಕು. ಗೆಳೆಯನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ ಒಂದು ಸ್ಟ್ರಿಪ್ಪು ಆ ಗೆಳೆಯನನ್ನು ಜೈಲಿಗೆ ಕಳಿಸೀತು.

ಕೊನೆಯದಾಗಿ ಲೆಕ್ಕದ ಪುಸ್ತಕ. ಬ್ಯಾಂಕಿನಲ್ಲಿ ದಿನದ ಕೊನೆಗೆ ಕ್ಯಾಷು ಪುಸ್ತಕಕ್ಕೆ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಈ ಮಾತ್ರೆಗೂ ಅದೇ ಶಿಸ್ತು ಬೇಕು. ಮಕ್ಕಳ ಹಳೆಯ ನೋಟುಪುಸ್ತಕ ಸಾಕು. ನಾಲ್ಕು ಗೀಟು ಎಳೆಯಿರಿ. ಮೊದಲನೆಯದರಲ್ಲಿ ತಾರೀಕು ಮತ್ತು ಹೊತ್ತು. ಎರಡನೆಯದರಲ್ಲಿ ಯಾವ ಮಾತ್ರೆ, ಎಷ್ಟು. ಮೂರನೆಯದರಲ್ಲಿ ಉಳಿದದ್ದೆಷ್ಟು. ನಾಲ್ಕನೆಯದರಲ್ಲಿ ನೋವು ಹೇಗಿತ್ತು, ನಿದ್ರೆ ಹೇಗೆ, ಹೊಟ್ಟೆ ಹೋಯಿತೇ. ಮನೆಯಲ್ಲಿ ಮದ್ದು ಕೊಡುವವರು ಓದಬಲ್ಲ ಭಾಷೆಯಲ್ಲಿ ಬರೆಯಿರಿ. ಹಗಲು ಮಗಳು, ರಾತ್ರಿ ಸೊಸೆ ನೋಡಿಕೊಳ್ಳುವ ಮನೆಯಲ್ಲಿ ಈ ಪುಸ್ತಕವಿಲ್ಲದಿದ್ದರೆ ಒಂದೇ ಹೊತ್ತಿನ ಮಾತ್ರೆ ಎರಡು ಸಲ ಹೋಗುತ್ತದೆ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ಕೊಡಬಾರದು. ನಡುವೆ ನೋವು ತಡೆಯಲಾಗದಿದ್ದರೆ ಏನು ಕೊಡಬೇಕೆಂದು ಡಾಕ್ಟರರಿಂದ ಮೊದಲೇ ಬರೆಸಿಕೊಂಡಿರಿ. ಆ ಹೆಚ್ಚಿನ ಮಾತ್ರೆ ಪದೇ ಪದೇ ಬೇಕಾದರೆ ಪುಸ್ತಕ ನೋಡಿಯೇ ಅವರು ಪ್ರಮಾಣ ಸರಿಪಡಿಸುತ್ತಾರೆ.

ಮಾತ್ರೆ ಬೀಗದೊಳಗಿರಲಿ, ಬೀಗ ಹಾಕುವುದು ಮಕ್ಕಳ ಕೈಗೆ ಸಿಗದಿರಲು, ರೋಗಿಗೆ ಸಿಗದಿರಲು ಅಲ್ಲ. ಫೆಂಟನಿಲ್ ಪಟ್ಟಿಯನ್ನು ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಬದಲಿಸುತ್ತಾರೆ. ಹೊಸದನ್ನು ಅಂಟಿಸುವ ಮೊದಲು ಹಳೆಯದನ್ನು ತೆಗೆದಿರಬೇಕು. ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಬಿಸಿಗೆ ಮದ್ದು ಬೇಗ ಒಳಗಿಳಿಯುತ್ತದೆ. ತೆಗೆದ ಪಟ್ಟಿಯಲ್ಲೂ ಮಗುವನ್ನು ಕೊಲ್ಲುವಷ್ಟು ಮದ್ದು ಉಳಿದಿರುತ್ತದೆ. ಅಂಟಿನ ಭಾಗ ಒಳಗಾಗುವಂತೆ ಮಡಚಿ, ಜೋಪಾನವಾಗಿ ಸಿಸ್ಟರಿಗೆ ಕೊಡಿ.

ರೋಗಿ ತೀರಿಹೋದ ಮನೆಯಲ್ಲಿ ಮಾತ್ರೆಯ ನೆನಪು ಯಾರಿಗೂ ಇರುವುದಿಲ್ಲ. ದುಃಖದ ನಡುವೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಉತ್ತರಕ್ರಿಯೆಗೆ ಮನೆ ತುಂಬ ನೆಂಟರು, ಮಕ್ಕಳು ಸೇರುತ್ತಾರೆ. ಅದಕ್ಕೂ ಮೊದಲು ನೆರೆಯವರಲ್ಲಿ ಒಬ್ಬರಾದರೂ ಜವಾಬ್ದಾರಿ ವಹಿಸಿ, ಉಳಿದ ಮಾತ್ರೆ ಎಣಿಸಿ, ಪುಸ್ತಕದಲ್ಲಿ ಬರೆದು, ಕೊಟ್ಟ ಕಡೆಗೇ ಹಿಂದಿರುಗಿಸಲಿ. ನಾನು ಮಾಡುವ ಕೆಲಸದಲ್ಲಿ ಅತ್ಯಂತ ಭಾರವಾದದ್ದು ಈ ಎಣಿಕೆ. ಆದರೂ ಮಾಡಲೇಬೇಕಾದದ್ದು.

ಕೇಳುಗರೆ, ಈ ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಮದ್ದಿನ ಡಬ್ಬವನ್ನೊಮ್ಮೆ ತೆರೆದು ನೋಡಿ. ನೋವಿನಲ್ಲಿರುವವರ ಪಾಲಿನ ಮಾತ್ರೆ ಕೊಡದೆ ಉಳಿದಿದೆಯೇ? ಬೇಡವಾದವರ ಕೈಗೆ ಸಿಗುವಂತೆ ಬಿದ್ದಿದೆಯೇ? ಎರಡರಲ್ಲಿ ಯಾವುದಿದ್ದರೂ ನಾಳೆ ಬೆಳಿಗ್ಗೆಯೇ ಸಿಸ್ಟರಿಗೋ ಆಶಾ ಕಾರ್ಯಕರ್ತೆಗೋ ಹೇಳಿ ಕಳಿಸಿ.